ಬೋಧನೆಯೂ ಶೋಧನೆಯೂ

ವಿಮರ್ಶಕರ ಕಣ್ಣಿಗೆ ಬೀಳದೆ ಉಳಿದಿರುವ ಗ್ರಂಥಪ್ರಕಾರವೊಂದು ಈ ನಾಡಿನಲ್ಲಿದೆ. ಜೀವಶಾಸ್ತ್ರವನ್ನು ಆರಿಸಿಕೊಂಡ ಬಿ.ಎಸ್‌ಸಿ. ತರಗತಿಯ ಹುಡುಗನೋ ಹುಡುಗಿಯೋ ಇರುವ ಮನೆಗಳಲ್ಲೆಲ್ಲ, ಕಂದುಬಣ್ಣದ ಕಾಗದದ ಹೊದಿಕೆ ಹೊದ್ದು, ಹೆಸರಿನ ಚೀಟಿ ಅಂಟಿಸಿಕೊಂಡು, ಒಂದು ಪುಟದಲ್ಲಿ ಚಿತ್ರವನ್ನೂ ಎದುರು ಪುಟದಲ್ಲಿ ಬರೆಹವನ್ನೂ ತುಂಬಿಕೊಂಡ ದಪ್ಪನೆಯ ಪುಸ್ತಕವೊಂದು ಇದ್ದೇ ಇರುತ್ತದೆ. ಅದಕ್ಕೆ ರೆಕಾರ್ಡು ಎಂದು ಹೆಸರು. ಅದನ್ನು ಬರೆಯುವವರು ಸಾವಿರಾರು ಮಂದಿ. ಓದತಕ್ಕವನು ಸಹಿ ಹಾಕುವ ಪರೀಕ್ಷಕನೊಬ್ಬನೇ. ಅವನೂ ಪೂರ್ತಿಯಾಗಿ ಓದುವುದು ಅಪರೂಪ. ಪರೀಕ್ಷೆ ಮುಗಿದ ಮೇಲೆ ಅದು ಅಟ್ಟವನ್ನು ಸೇರುತ್ತದೆ. ಇಲ್ಲವೆ ಮುಂದಿನ ವರ್ಷದ ವಿದ್ಯಾರ್ಥಿಯ ಕೈಸೇರಿ, ಅಲ್ಲಿ ಅಕ್ಷರ ತಪ್ಪದೆ ಮರುಹುಟ್ಟು ಪಡೆಯುತ್ತದೆ.

ಈ ಪುಸ್ತಕಕ್ಕೆ ಒಂದು ನಿಶ್ಚಿತವಾದ ಶೈಲಿಯಿದೆ. ಮೊದಲು ಉದ್ದೇಶ, ಆಮೇಲೆ ಸಾಮಗ್ರಿ, ಆಮೇಲೆ ವಿಧಾನ, ವೀಕ್ಷಣೆ, ಕೊನೆಗೆ ಫಲಿತಾಂಶ. ಇವುಗಳಲ್ಲಿ ಫಲಿತಾಂಶವೇ ವಿದ್ಯಾರ್ಥಿಗೆ ಎಲ್ಲಕ್ಕಿಂತ ಮೊದಲು ಗೊತ್ತಿರುತ್ತದೆ. ಈರುಳ್ಳಿಯ ಬೇರಿನ ತುದಿಯಲ್ಲಿ ಕೋಶವಿಭಜನೆಯ ಯಾವ ಯಾವ ಹಂತಗಳು ಕಾಣಬೇಕೆಂಬುದು ಪಠ್ಯಪುಸ್ತಕದಲ್ಲಿ ಅಚ್ಚಾಗಿದೆ; ಸೂಕ್ಷ್ಮದರ್ಶಕದ ಕೆಳಗೆ ಅವು ಕಾಣದಿದ್ದರೂ ರೆಕಾರ್ಡಿನಲ್ಲಿ ಕಂಡೇ ಕಾಣುತ್ತವೆ. ಹೀಗೆ, ಕಂಡುದನ್ನು ಬರೆಯುವುದಕ್ಕಾಗಿ ಹುಟ್ಟಿದ ಪುಸ್ತಕವು ಕಾಣದುದನ್ನು ಕಂಡೆನೆಂದು ಬರೆಯುವುದನ್ನು ಕಲಿಸುವ ಪುಸ್ತಕವಾಗಿ ಪರಿಣಮಿಸಿದೆ. ಕಾವ್ಯದಲ್ಲಿ ಕಲ್ಪನೆ ಗುಣ. ಇಲ್ಲಿ ಅದೇ ಮಹಾದೋಷ. ಆ ದೋಷವು ಎಲ್ಲಿಂದ ಬಂದಿತು, ಅದನ್ನು ನೀಗುವ ದಾರಿ ಯಾವುದು ಎಂಬುದನ್ನು ವಿಚಾರಿಸಬೇಕಾದರೆ, ಜೀವಶಾಸ್ತ್ರದ ಬೋಧನೆಯನ್ನು ಕುರಿತು ಹುಟ್ಟಿದ ಕೆಲವು ಬರೆಹಗಳನ್ನೇ ಪರಾಮರ್ಶಿಸುವುದು ಯುಕ್ತ.

ಇವುಗಳ ಪೈಕಿ ಹಿರಿಯದು ಇಂಗ್ಲೆಂಡಿನ ತಾಮಸ್ ಹೆನ್ರಿ ಹಕ್ಸ್‌ಲಿಯು ಎಚ್. ಎನ್. ಮಾರ್ಟಿನ್ನನ ನೆರವಿನಿಂದ ೧೮೭೫ರಲ್ಲಿ ಪ್ರಕಟಿಸಿದ ಪ್ರಾಯೋಗಿಕ ಜೀವಶಾಸ್ತ್ರದ ಕೈಪಿಡಿ. ಅದಕ್ಕೆ ನಾಲ್ಕು ವರ್ಷಗಳ ಹಿಂದೆ, ೧೮೭೧ರ ಬೇಸಗೆಯಲ್ಲಿ, ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ಶಾಲೆಯ ಉಪಾಧ್ಯಾಯರನ್ನು ಕೂಡಿಸಿಕೊಂಡು ಹಕ್ಸ್‌ಲಿಯು ಒಂದು ಹೊಸ ಬಗೆಯ ತರಗತಿಯನ್ನು ನಡೆಯಿಸಿದ್ದನು. ಉಪನ್ಯಾಸದಲ್ಲಿ ಕೇಳಿದುದನ್ನು ಅದೇ ದಿನ ಮೇಜಿನ ಮೇಲೆ ಕಣ್ಣಾರೆ ನೋಡಿ ತಾಳೆ ಹಾಕಬೇಕು ಎಂಬುದೇ ಅದರ ಸೂತ್ರ. ಕೈಪಿಡಿಯ ರಚನೆಯೂ ಇದಕ್ಕೆ ಅನುಗುಣವಾಗಿದೆ: ಪ್ರತಿ ಅಧ್ಯಾಯದಲ್ಲಿಯೂ ಮೊದಲು ಒಂದು ಜೀವಿಯ ವರ್ಣನೆ, ಅನಂತರ ಪ್ರಯೋಗಶಾಲೆಯಲ್ಲಿ ಮಾಡತಕ್ಕ ಕೆಲಸದ ಸೂಚನೆ. ಯೀಸ್ಟಿನಿಂದ ಪ್ರಾರಂಭವಾಗಿ ಕಪ್ಪೆಯಲ್ಲಿ ಮುಗಿಯುವ ಕೆಲವೇ ಮಾದರಿ ಜೀವಿಗಳ ಮೂಲಕ ಇಡಿಯ ಜೀವಲೋಕದ ನಕ್ಷೆಯನ್ನು ತೋರಿಸುವುದು ಅಲ್ಲಿಯ ಕ್ರಮ. ಅನುಭವದಿಂದ ಆ ಕ್ರಮ ಕಷ್ಟವೆಂದು ತೋರಿಬಂದಾಗ, ೧೮೮೮ರ ಪರಿಷ್ಕೃತ ಆವೃತ್ತಿಯಲ್ಲಿ ಅದು ತಲೆಕೆಳಗಾಗಿ ಕಪ್ಪೆಯೇ ಮೊದಲಿಗೆ ಬಂದಿತು. ತನ್ನ ಪಾಠಕ್ರಮವನ್ನೂ ಪರೀಕ್ಷೆಗೆ ಒಡ್ಡಿದ ಗ್ರಂಥವೆಂದು ಇದನ್ನು ಕೊಂಡಾಡಬೇಕು.

ಪುಸ್ತಕವನ್ನು ನಂಬಬೇಡ, ಪದಾರ್ಥವನ್ನು ನೋಡು ಎಂಬುದು ಆ ಕೈಪಿಡಿಯ ಜೀವಾಳ. ಆ ಕಾಲಕ್ಕೆ ಇದು ಸಣ್ಣ ಕ್ರಾಂತಿಯೇ ಸರಿ. ಆದರೆ ಅದರೊಳಗೇ ಒಂದು ದೌರ್ಬಲ್ಯವೂ ಅಡಗಿತ್ತು. ವರ್ಣನೆ ಮೊದಲು, ನೋಟ ಆಮೇಲೆ ಎಂದಾಗ, ವಿದ್ಯಾರ್ಥಿಯ ಪಾಲಿಗೆ ಉಳಿಯುವ ಕೆಲಸ ಒಪ್ಪಿಗೆಯ ಮುದ್ರೆ ಒತ್ತುವುದಷ್ಟೆ. ಹಕ್ಸ್‌ಲಿಯಂಥ ಗುರು ಎದುರಿಗೆ ನಿಂತಿರುವ ತನಕ ಒಪ್ಪಿಗೆಗೂ ಸಂದೇಹಕ್ಕೂ ಎಡೆಯಿರುತ್ತದೆ. ಗುರು ಸರಿದು ಕೈಪಿಡಿಯೊಂದೇ ಉಳಿದಾಗ, ಮಾದರಿ ಜೀವಿಗಳ ಪಟ್ಟಿಯು ಪಾಠಪಟ್ಟಿಯಾಗುತ್ತದೆ, ಪಾಠಪಟ್ಟಿಯು ಪರೀಕ್ಷೆಯ ಪ್ರಶ್ನೆಯಾಗುತ್ತದೆ, ಪ್ರಶ್ನೆಯು ಬಾಯಿಪಾಠವಾಗುತ್ತದೆ. ಭರತಖಂಡದ ವಿಶ್ವವಿದ್ಯಾನಿಲಯಗಳಿಗೆ ಮಾದರಿ ಜೀವಿಗಳ ಪದ್ಧತಿ ಬಂದಿಳಿದಾಗ, ಅದರ ಹಿಂದಿನ ಸಂದೇಹಬುದ್ಧಿಗಿಂತ ಪಟ್ಟಿಯೇ ಹೆಚ್ಚು ಸುರಕ್ಷಿತವಾಗಿ ಬಂದು ಮುಟ್ಟಿತು.

ಆದರೂ ಆ ಪಟ್ಟಿಯೊಳಗಿನಿಂದಲೇ ಒಂದು ಸೊಗಸಾದ ಪ್ರತಿಭಟನೆ ಹುಟ್ಟಿದುದನ್ನು ಮರೆಯಲಾಗದು. ಅದನ್ನು ಹೂಡಿದುದು ಎರೆಹುಳು. ಯೂರೋಪಿನ ಪುಸ್ತಕಗಳಲ್ಲಿ ವರ್ಣಿತವಾದ ಲುಂಬ್ರಿಕಸ್ ಎಂಬ ಎರೆಹುಳುವಿನಲ್ಲಿ ವಿಸರ್ಜನಾಂಗಗಳು ಉಂಗುರಕ್ಕೆ ಒಂದು ಜೊತೆಯಂತೆ ಇದ್ದು, ಮೈಯ ಹೊರಗಡೆಗೆ ಬಾಯ್ದೆರೆಯುತ್ತವೆ. ಭರತಖಂಡದ ಮಣ್ಣಿನಲ್ಲಿ ಸಿಕ್ಕುವ ಫೆರೆಟಿಮ ಎಂಬ ಹುಳುವನ್ನು ಸೀಳಿ ನೋಡಿದರೆ ಲೆಕ್ಕವೇ ಬೇರೆ: ಅಂಗಗಳು ಅಸಂಖ್ಯಾತವಾಗಿಯೂ ಅತಿಸಣ್ಣವಾಗಿಯೂ ಇವೆ, ಅವುಗಳಲ್ಲಿ ಒಂದು ವರ್ಗವು ಹೊರಕ್ಕೆ ತೆರೆಯದೆ ಕರುಳಿನೊಳಕ್ಕೇ ತೆರೆಯುತ್ತದೆ. ಮುಂದೆ ಲಖನೌ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಕರಮ್ ನಾರಾಯಣ್ ಬಾಹ್ಲ್ ಅವರು ೧೯೧೯ರಲ್ಲಿ ಈ ಸಂಗತಿಯನ್ನು ಲೋಕಕ್ಕೆ ತಿಳಿಸಿದರು. ಹೊರಗೆ ಚೆಲ್ಲಿಹೋಗಬಹುದಾದ ನೀರು ಕರುಳಿನಲ್ಲಿ ಮರಳಿ ಹೀರಲ್ಪಡುವುದರಿಂದ, ಒಣನೆಲದಲ್ಲಿ ಬದುಕುವ ಹುಳುವಿಗೆ ಈ ಏರ್ಪಾಟು ಉಪಕಾರಕವೆಂದು ಅವರು ಅರ್ಥ ಮಾಡಿದರು. ಅನಂತರ ಅವರ ಸಂಪಾದಕತ್ವದಲ್ಲಿ ಭಾರತೀಯ ಮಾದರಿ ಪ್ರಾಣಿಗಳನ್ನು ಕುರಿತ ಪ್ರಬಂಧಮಾಲೆಯೊಂದು ಹೊರಟಿತು. ಫೆರೆಟಿಮವನ್ನು ಕುರಿತ ೧೯೨೬ರ ಪುಸ್ತಕ ಬಾಹ್ಲ್ ಅವರದೇ.

ಈ ಮಾಲೆಯ ಮಹತ್ತ್ವವನ್ನು ಸಾಹಿತ್ಯದ ದೃಷ್ಟಿಯಿಂದಲೂ ಕಾಣಬಹುದು. ವಿದ್ಯಾರ್ಥಿಯ ಕೈಗೆ ಅವನ ಹಿತ್ತಲಿನ ಹುಳುವನ್ನೇ ಕೊಟ್ಟು, ಪರದೇಶದ ಪುಸ್ತಕಕ್ಕೂ ಸ್ವದೇಶದ ಮಣ್ಣಿಗೂ ಜಗಳ ಬಂದಲ್ಲಿ ಮಣ್ಣೇ ಪ್ರಮಾಣವೆಂದು ಅದು ಸಾರಿತು. ಬೋಧನೆಗಾಗಿ ಬರೆದ ಪುಸ್ತಕವು ತಾನೇ ಶೋಧನೆಯಾಗಿರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದುರ್ಲಭ. ಆದರೆ ಕಾಲದ ವ್ಯಂಗ್ಯವನ್ನು ಏನೆನ್ನಬೇಕು! ಯಾವ ಫೆರೆಟಿಮವು ಬಾಯಿಪಾಠವನ್ನು ಮುರಿಯಿತೋ ಅದೇ ಫೆರೆಟಿಮದ ವಿಸರ್ಜನಾಂಗದ ಚಿತ್ರವು ಮುಂದೆ ತಲೆಮಾರುಗಟ್ಟಲೆ ವಿದ್ಯಾರ್ಥಿಗಳ ಬಾಯಿಪಾಠವಾಯಿತು. ನಿನ್ನೆಯ ಶೋಧನೆಯು ಇಂದಿನ ಬೋಧನೆಯಾಗುವುದು ವಿದ್ಯೆಯ ಸಹಜ ಗತಿ. ಶೋಧಿಸಿದವನು ಪಟ್ಟ ಸಂದೇಹವನ್ನು ಬಿಟ್ಟು ಅವನು ಕಂಡ ಫಲವನ್ನು ಮಾತ್ರ ಕೊಡುವುದು ಬೋಧಕರ ತಪ್ಪು. ಬಾಹ್ಲ್ ಅವರು ಏನನ್ನು ಕಂಡರೆಂಬುದನ್ನು ವಿದ್ಯಾರ್ಥಿಗಳು ಬರೆಯಬಲ್ಲರು. ಅದು ಸರಿಯೆಂದು ಅವರು ಹೇಗೆ ನಿಶ್ಚಯಿಸಿದರೆಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ.

ಇನ್ನು, ಗುರುಶಿಷ್ಯರ ಸಂಬಂಧವನ್ನೇ ಕಥಾವಸ್ತುವಾಗಿ ಉಳ್ಳ ಒಂದು ಪುಟ್ಟ ಬರೆಹವನ್ನು ನೋಡಬಹುದು. ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕನಾಗಿದ್ದ ಲೂಯಿ ಅಗಾಸಿಯ ಶಿಷ್ಯ ಸ್ಯಾಮ್ಯುಯಲ್ ಸ್ಕಡರನು ೧೮೭೪ರಲ್ಲಿ ಅದನ್ನು ಪ್ರಕಟಿಸಿದನು. ಕೀಟಗಳನ್ನು ಕಲಿಯಬೇಕೆಂದು ಬಂದ ಶಿಷ್ಯನ ಮುಂದೆ ಗುರುವು ಮದ್ಯಸಾರದಲ್ಲಿ ನೆನೆದ ಮೀನೊಂದನ್ನು ಇಟ್ಟು, ನೋಡುತ್ತಿರು ಎಂದು ಹೇಳಿ ಹೊರಟುಹೋಗುತ್ತಾನೆ. ಹತ್ತು ನಿಮಿಷಗಳಲ್ಲಿ ನೋಡುವುದೆಲ್ಲ ಮುಗಿಯಿತೆಂದು ಶಿಷ್ಯನಿಗೆ ತೋರುತ್ತದೆ. ಗುರುವಿನ ಸುಳಿವಿಲ್ಲ, ಭೂತಗನ್ನಡಿಯನ್ನು ಬಳಸಕೂಡದೆಂದು ಕಟ್ಟಳೆ. ಬೇಸರದಿಂದ ಮೀನಿನ ಚಿತ್ರವನ್ನು ಬರೆಯಹೊರಟಾಗಲೇ ಹೊಸ ಹೊಸ ವಿವರಗಳು ಕಾಣಿಸುತ್ತವೆ. ಆದರೂ ಎಲ್ಲಕ್ಕಿಂತ ಎದ್ದು ಕಾಣುವ ಲಕ್ಷಣ ತಪ್ಪಿಹೋಗಿರುತ್ತದೆ. ಮೀನಿನ ಎರಡು ಪಾರ್ಶ್ವಗಳೂ ಸಮರೂಪವಾಗಿವೆಯೆಂಬುದು ಮರುದಿನದ ಬೆಳಗ್ಗೆ ಹೊಳೆಯುತ್ತದೆ. ಮುಂದೇನೆಂದು ಕೇಳಿದರೆ, ಮೀನನ್ನು ಇನ್ನೂ ನೋಡು ಎಂದೇ ಉತ್ತರ. ಮೂರು ದಿನಗಳು ಹೀಗೆ ಕಳೆದ ಮೇಲೆ ನಾಲ್ಕನೆಯ ದಿನ ಅದೇ ವರ್ಗದ ಇನ್ನೊಂದು ಮೀನು ಪಕ್ಕಕ್ಕೆ ಬರುತ್ತದೆ, ಹೋಲಿಕೆ ಆರಂಭವಾಗುತ್ತದೆ.

ಈ ಬರೆಹಕ್ಕೆ ಸಾಹಿತ್ಯಲೋಕದಲ್ಲಿಯೂ ಒಂದು ಸ್ಥಾನವಿದೆ. ಕವಿ ಎಜ್ರಾ ಪೌಂಡನು ೧೯೩೪ರಲ್ಲಿ ಕಾವ್ಯವನ್ನು ಓದುವ ಬಗೆಯನ್ನು ಕುರಿತು ಪುಸ್ತಕ ಬರೆದಾಗ, ಅಗಾಸಿಯ ಮೀನಿನ ಪ್ರಸಂಗವನ್ನೇ ಮುಂದಿಟ್ಟನು. ಕಾವ್ಯವನ್ನು ಕುರಿತ ಮಾತುಗಳನ್ನು ಬದಿಗಿಟ್ಟು ಕಾವ್ಯವನ್ನೇ ನೋಡು ಎಂಬುದು ಅವನ ಅಭಿಪ್ರಾಯ. ವಿಮರ್ಶೆಯು ಪ್ರಯೋಗಶಾಲೆಯಿಂದ ಪಾಠ ಕಲಿತ ಈ ಪ್ರಸಂಗವು ಎರಡು ವಿದ್ಯೆಗಳಿಗೂ ಮರ್ಯಾದೆ ತರತಕ್ಕದ್ದು.

ಸ್ಕಡರನ ಬರೆಹದ ಗುಣವೆಂದರೆ ಶಿಷ್ಯನ ಬೇಸರವನ್ನೂ ಮುಜುಗರವನ್ನೂ ಅವನು ಮುಚ್ಚಿಡದೆ ಇರುವುದು. ಕಲಿಕೆಯ ಕಥೆಯಲ್ಲಿ ಬೇಸರಕ್ಕೂ ಪಾತ್ರವಿದೆ. ರೆಕಾರ್ಡಿನಲ್ಲಿ ಇಲ್ಲದುದು ಅದೇ. ಆದರೂ ಅಗಾಸಿಯ ಕ್ರಮವು ನಿರ್ದುಷ್ಟವೆಂದು ಹೇಳುವಂತಿಲ್ಲ. ೧೮೫೯ರಲ್ಲಿ ಡಾರ್ವಿನ್ನನ ಗ್ರಂಥ ಹೊರಬಂದ ಮೇಲೆ, ಜೀವಜಾತಿಗಳು ಮಾರ್ಪಡುತ್ತವೆಂಬ ತತ್ತ್ವವನ್ನು ಅಗಾಸಿಯು ೧೮೭೩ರಲ್ಲಿ ಸಾಯುವ ತನಕ ಒಪ್ಪಲಿಲ್ಲ. ಮೀನುಗಳನ್ನು ಅವನಷ್ಟು ನೋಡಿದವರು ಆ ಕಾಲದಲ್ಲಿ ವಿರಳ. ಆದರೂ ಆ ಮೀನುಗಳು ಏತಕ್ಕೆ ಒಂದನ್ನೊಂದು ಹೋಲುತ್ತವೆಂಬ ಪ್ರಶ್ನೆಗೆ ಅವನ ಉತ್ತರ ನೋಡುವುದಕ್ಕೆ ಮೊದಲೇ ಸಿದ್ಧವಾಗಿತ್ತು. ಇದರಿಂದ ಏರ್ಪಡುವ ನೀತಿಯಿಷ್ಟೆ: ನೋಟವು ಶೋಧನೆಯ ಮೊದಲನೆಯ ಮೆಟ್ಟಿಲು. ಎರಡನೆಯದು, ತನ್ನ ಉತ್ತರವನ್ನು ಸುಳ್ಳಾಗಿಸಬಲ್ಲ ಸಂಗತಿ ಯಾವುದೆಂದು ಹುಡುಕುವುದು. ಮೊದಲನೆಯದನ್ನು ಅಗಾಸಿಯು ಅದ್ಭುತವಾಗಿ ಕಲಿಸಿದನು. ಎರಡನೆಯದನ್ನು ಅವನ ಶಿಷ್ಯರಲ್ಲಿ ಹಲವರು ಡಾರ್ವಿನ್ನನ ಪಕ್ಷವನ್ನು ಸೇರುವ ಮೂಲಕ ತಾವಾಗಿಯೇ ಕಲಿತರು.

ಕನ್ನಡಕ್ಕೆ ಬಂದರೆ, ಈ ವಿಷಯದಲ್ಲಿ ಮೊದಲು ನೆನೆಯತಕ್ಕ ಗ್ರಂಥ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಡಿ.ವಿ.ಜಿ.ಯವರ ಮಕ್ಕಳಾದ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ಗಿಡಮರಗಳನ್ನು ಅರಸುತ್ತ ಅಲೆದುದರ ಕಥನವೇ ಈ ಗ್ರಂಥದ ವಸ್ತು. ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಇದಕ್ಕೆ ಸಂದಿತು. ಚಿತ್ರಗಳೂ ಲೇಖಕರ ಕೈಯವೇ. ಶಾಸ್ತ್ರಗ್ರಂಥವೊಂದು ಕಾದಂಬರಿಯಂತೆ ಓದಿಸಿಕೊಂಡು ಹೋದುದು ಕನ್ನಡದಲ್ಲಿ ಅಪೂರ್ವವಾದ ಸಂಗತಿ. ಅದರ ಕಾರಣವನ್ನು ಸಾಮಾನ್ಯವಾಗಿ ಹಾಸ್ಯಕ್ಕೆ ಹೊರಿಸುವುದುಂಟು. ಹಾಸ್ಯ ಧಾರಾಳವಾಗಿದೆ, ನಿಜ. ಆದರೆ ಹಾಸ್ಯದ ಹಿಂದೆ ಇರುವ ಬೋಧನಕ್ರಮವೇ ಅದರ ಆಕರ್ಷಣೆಯ ಮೂಲ. ತರಗತಿಯ ಗೋಡೆಗಳ ನಡುವೆ ಲ್ಯಾಟಿನ್ ಹೆಸರುಗಳ ಹೊರೆಯಾಗಿದ್ದ ಸಸ್ಯಶಾಸ್ತ್ರವು ಕಾಡಿನಲ್ಲಿ ಬಣ್ಣ, ವಾಸನೆ, ರುಚಿ, ಜನರ ಬಳಕೆ, ಹಳೆಯ ಕಥೆ ಇವೆಲ್ಲವುಗಳೊಡನೆ ಸೇರಿ ಬರುತ್ತದೆ. ಗುರುವಿನ ಗಾಂಭೀರ್ಯ ಸಡಿಲವಾದಲ್ಲಿ ಶಿಷ್ಯನ ಪ್ರಶ್ನೆಗೆ ಬಾಯಿ ಬರುತ್ತದೆ.

ಈ ಗ್ರಂಥವನ್ನು ಮೆಚ್ಚುತ್ತಲೇ ಅದರ ಎಲ್ಲೆಯನ್ನೂ ಗುರುತಿಸುವುದು ವಿಮರ್ಶೆಯ ಧರ್ಮ. ಕಾಡಿನಲ್ಲಿ ಸಿಕ್ಕ ಗಿಡಕ್ಕೆ ಹೆಸರೂ ಕುಲವೂ ಉಂಟು. ಅವು ಗುರುವಿಗೆ ಗೊತ್ತು. ಶಿಷ್ಯನು ಕೇಳಿ ತಿಳಿಯುತ್ತಾನೆ. ಕುತೂಹಲವನ್ನು ಎಬ್ಬಿಸುವುದರಲ್ಲಿ ‘ಹಸುರು ಹೊನ್ನಿ’ಗೆ ಸರಿಸಾಟಿಯಿಲ್ಲ, ಆದರೆ ಎದ್ದ ಕುತೂಹಲವನ್ನು ಗುರುವಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯ ಕಡೆಗೆ ತಿರುಗಿಸುವ ಕೆಲಸ ಬಹುಮಟ್ಟಿಗೆ ಗ್ರಂಥದ ಆಚೆಗೆ ಉಳಿಯುತ್ತದೆ. ಆ ಬಗೆಯ ಪ್ರಶ್ನೆಯನ್ನು ಸ್ವಾಮಿಯವರು ತಮ್ಮ ಸ್ವಂತ ಸಂಶೋಧನೆಯಲ್ಲಿ ಎದುರಿಸಿದ್ದರು. ಹಾರ್ವರ್ಡಿನ ಇರ್ವಿಂಗ್ ಬೇಲಿಯವರೊಡನೆ ೧೯೫೦ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸಾರ್ಕಾಂಡ್ರ ಎಂಬ ಸಸ್ಯದ ಕಾಷ್ಠದಲ್ಲಿ ಹೂಬಿಡುವ ಗಿಡಗಳಲ್ಲಿ ಸಾಮಾನ್ಯವಾಗಿರುವ ನೀರುಸಾಗಿಸುವ ನಾಳಗಳಿಲ್ಲವೆಂದು ಅವರು ತೋರಿಸಿದರು. ಹೂಗಿಡಗಳ ವಿಕಾಸವನ್ನು ಚರ್ಚಿಸುವವರಿಗೆ ಇದು ಮುಖ್ಯವಾದ ಸಾಕ್ಷ್ಯವಾಯಿತು. ೧೯೮೭ರಲ್ಲಿ ಶರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞರು ಅದೇ ಗಿಡವನ್ನು ಮತ್ತೆ ಪರೀಕ್ಷಿಸಿ, ಅದರ ಬೇರಿನಲ್ಲಿ ನಾಳಗಳಿವೆಯೆಂದು ವರದಿ ಮಾಡಿದರು. ಇದರಿಂದ ಮೊದಲಿನವರ ಗೌರವಕ್ಕೆ ಕುಂದೇನೂ ಬರಲಿಲ್ಲ. ಕಂಡುದನ್ನು ಇನ್ನೊಬ್ಬನು ಮರುಪರೀಕ್ಷಿಸಬಲ್ಲಷ್ಟು ಸ್ಪಷ್ಟವಾಗಿ ಅವರು ಬರೆದಿಟ್ಟಿದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು. ತಿದ್ದಲು ಬರುವಂತೆ ಬರೆಯುವುದೇ ಶೋಧಕನ ಸತ್ಯನಿಷ್ಠೆ. ಪ್ರಾಕ್ಟಿಕಲ್ ರೆಕಾರ್ಡನ್ನು ಯಾರೂ ತಿದ್ದಲಾರರು. ಅದು ಮೊದಲೇ ಸರಿಯಾಗಿರುತ್ತದೆ!

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪದವಿಯ ಮೊದಲನೆಯ ವರ್ಷದ ವಿದ್ಯಾರ್ಥಿಯ ಕೈಗೆ ಕೊಡಬಹುದೆ? ಕೊಡಬಹುದೆಂದು ಅಮೆರಿಕದ ಒಂದು ಪ್ರಯತ್ನವು ತೋರಿಸಿಕೊಟ್ಟಿದೆ. ೨೦೦೮ರಲ್ಲಿ ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ಆಶ್ರಯದಲ್ಲಿ, ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಗ್ರಹಾಮ್ ಹ್ಯಾಟ್‌ಫುಲ್ ಅವರ ಮಾರ್ಗದರ್ಶನದಲ್ಲಿ ಅದು ಪ್ರಾರಂಭವಾಯಿತು. ವಿದ್ಯಾರ್ಥಿಗಳು ತಮ್ಮ ಊರಿನ ಮಣ್ಣನ್ನು ತಂದು, ಅದರಲ್ಲಿ ಬ್ಯಾಕ್ಟೀರಿಯಗಳನ್ನು ತಿಂದು ಬಾಳುವ ಫೇಜ್ ಎಂಬ ಅತಿಸೂಕ್ಷ್ಮ ವೈರಸ್ಸುಗಳನ್ನು ಹುಡುಕುತ್ತಾರೆ. ಸಿಕ್ಕಿದುದನ್ನು ಬೇರ್ಪಡಿಸಿ ಶುದ್ಧಮಾಡಿ, ಅದಕ್ಕೆ ತಾವೇ ನಾಮಕರಣ ಮಾಡುತ್ತಾರೆ. ಅದರ ಡಿಎನ್‌ಎಯನ್ನು ತೆಗೆದು, ಆನುವಂಶಿಕ ಲಿಪಿಯನ್ನು ಓದಿಸಿ, ಯಾವ ಭಾಗ ಯಾವ ಕೆಲಸಕ್ಕೆಂದು ಗುರುತಿಸುತ್ತಾರೆ. ಫೇಜುಗಳ ವೈವಿಧ್ಯ ಅಪಾರವಾದುದರಿಂದ, ಒಬ್ಬ ವಿದ್ಯಾರ್ಥಿಗೆ ಸಿಕ್ಕಿದುದು ಹಿಂದೆ ಯಾರೂ ಕಾಣದುದಾಗಿರುವ ಸಂಭವ ಹೆಚ್ಚು. ಅದನ್ನು ಪಕ್ಕದವನ ಪುಸ್ತಕದಿಂದ ನಕಲು ಮಾಡುವಂತಿಲ್ಲ. ಪಕ್ಕದವನ ಫೇಜೇ ಬೇರೆ.

ಈ ಕೆಲಸದ ಫಲವು ಒಮ್ಮೆ ಅನಿರೀಕ್ಷಿತವಾದ ರೀತಿಯಲ್ಲಿ ಕಾಣಿಸಿತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುವ್ಯಾಧಿಯ ಕಾರಣದಿಂದ ಶ್ವಾಸಕೋಶಗಳನ್ನು ಬದಲಿಸಿಕೊಂಡ ೧೫ ವರ್ಷದ ಹುಡುಗಿಯೊಬ್ಬಳಿಗೆ, ಯಾವ ಔಷಧಿಗೂ ಬಗ್ಗದ ಸೋಂಕು ತಗುಲಿತ್ತು. ಸಂಗ್ರಹದಲ್ಲಿದ್ದ ಫೇಜುಗಳಲ್ಲಿ ಮೂರನ್ನು ಆರಿಸಿ, ಎರಡನ್ನು ಆನುವಂಶಿಕವಾಗಿ ಮಾರ್ಪಡಿಸಿ, ಅವಳಿಗೆ ಕೊಡಲಾಯಿತು. ಸ್ಥಿತಿ ಗಣನೀಯವಾಗಿ ಸುಧಾರಿಸಿತೆಂದು ೨೦೧೯ರಲ್ಲಿ ವರದಿಯಾಯಿತು. ಆ ಮೂರರಲ್ಲಿ ಮಾರ್ಪಡಿಸದೆ ಬಳಸಿದ ಫೇಜು ದೊರೆತುದು ದಕ್ಷಿಣ ಆಫ್ರಿಕದಲ್ಲಿ, ಒಬ್ಬ ವಿದ್ಯಾರ್ಥಿನಿಯ ಕೈಗೆ, ಕೊಳೆತ ಬದನೆಕಾಯಿಯೊಂದರ ಅಡಿಯಲ್ಲಿ. ಒಬ್ಬ ರೋಗಿಯ ಅನುಭವದಿಂದ ಚಿಕಿತ್ಸೆಯೊಂದು ಸಿದ್ಧವಾಯಿತೆಂದು ಹೇಳುವುದು ದುಡುಕಾದೀತು. ಆದರೂ ವಿದ್ಯಾರ್ಥಿಯ ಅಭ್ಯಾಸವು ಲೋಕಕ್ಕೆ ನಿಜವಾಗಿ ಬೇಕಾದ ಸಂಗತಿಯಾಗಬಹುದೆಂಬುದಕ್ಕೆ ಬದನೆಕಾಯಿಯ ಸಾಕ್ಷ್ಯ ಸಾಕು.

ಆಲಂಕಾರಿಕರು ಕಾವ್ಯಕ್ಕೆ ಲಕ್ಷಣ ಹೇಳಿದಂತೆ, ಅಮೆರಿಕದ ಶಿಕ್ಷಣತಜ್ಞರು ೨೦೧೪ರಲ್ಲಿ ಇಂಥ ಪಾಠಗಳಿಗೂ ಐದು ಲಕ್ಷಣಗಳನ್ನು ಹೇಳಿದ್ದಾರೆ: ಶಾಸ್ತ್ರಜ್ಞರು ಮಾಡುವ ಕೆಲಸವನ್ನೇ ಮಾಡುವುದು, ಯಾರಿಗೂ ತಿಳಿಯದುದನ್ನು ಅರಸುವುದು, ತರಗತಿಯ ಹೊರಗಿನವರಿಗೂ ಬೇಕಾದ ವಿಷಯವನ್ನು ಆರಿಸುವುದು, ಕೂಡಿ ಕೆಲಸ ಮಾಡುವುದು, ತಪ್ಪಿದರೆ ತಿದ್ದಿ ಮತ್ತೆ ಮಾಡುವುದು. ಈ ಐದರಲ್ಲಿ ಕೊನೆಯದೇ ಅತ್ಯಂತ ಕಷ್ಟವೆಂದು ತೋರುತ್ತದೆ. ತಪ್ಪನ್ನು ತಿದ್ದಿಕೊಳ್ಳಲು ವೇಳೆ ಬೇಕು. ವೇಳಾಪಟ್ಟಿಯಲ್ಲಿ ತಪ್ಪಿಗಾಗಿ ಮೀಸಲಾದ ವೇಳೆಯೇ ಇಲ್ಲ. ವಾರಕ್ಕೊಂದು ಪ್ರಯೋಗ, ಪ್ರಯೋಗಕ್ಕೊಂದು ಸಹಿ ಎಂಬ ನಿಯಮವಿರುವಲ್ಲಿ, ಈ ವಾರ ಕೆಟ್ಟುದು ಮುಂದಿನ ವಾರ ಸರಿಹೋಗಲು ಎಡೆಯಿಲ್ಲ. ವಿದ್ಯಾರ್ಥಿಯು ಸುಳ್ಳು ಬರೆಯುತ್ತಾನೆಂದು ಬಯ್ಯುವುದಕ್ಕಿಂತ ಮುಂಚೆ, ನಿಜ ಬರೆದವನಿಗೆ ಅಂಕ ಉಂಟೇ ಎಂದು ವಿಚಾರಿಸುವುದು ಮೇಲು.

ಇದೆಲ್ಲ ಶ್ರೀಮಂತ ದೇಶಗಳ ಮಾತು, ಜಿಲ್ಲೆಯ ಕಾಲೇಜುಗಳಿಗೆ ಹೊಂದತಕ್ಕುದಲ್ಲ ಎಂಬ ಆಕ್ಷೇಪ ಬರುವುದು ಸಹಜ. ಆನುವಂಶಿಕ ಲಿಪಿಯನ್ನು ಓದಿಸುವ ಯಂತ್ರ ಎಲ್ಲ ಕಡೆಯೂ ಇರಲಾರದು, ನಿಜ. ಆದರೆ ಶೋಧನೆಯ ಬುದ್ಧಿಗೆ ಆ ಯಂತ್ರವೇ ಬೇಕೆಂದೇನೂ ಇಲ್ಲ. ರಸ್ತೆಯ ಬದಿಯಲ್ಲೆಲ್ಲ ಬೆಳೆದಿರುವ ಪಾರ್ಥೇನಿಯಂ, ಅಂದರೆ ಜನರು ಕಾಂಗ್ರೆಸ್ ಗಿಡವೆಂದು ಕರೆಯುವ ಪರದೇಶದ ಕಳೆಯನ್ನೇ ತೆಗೆದುಕೊಳ್ಳಬಹುದು. ಈ ಗಿಡದ ಸುತ್ತ ಬೇರೆ ಸಸ್ಯಗಳು ಏಳುವುದಿಲ್ಲವೆಂದೂ, ಅದರ ಎಲೆಯ ರಸವು ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆಂದೂ ಹೇಳುವುದುಂಟು. ಎಲೆಯನ್ನು ಅರೆದು ನೀರಿನಲ್ಲಿ ನೆನೆಹಾಕಿ, ಆ ನೀರನ್ನು ರಾಗಿಯ ಕಾಳುಗಳಿಗೆ ಹಾಕಿ, ಮೊಳಕೆಗಳನ್ನು ಎಣಿಸುವುದು ಸುಲಭ. ಬೇಕಾದ ಸಾಮಗ್ರಿಯೆಂದರೆ ಕೆಲವು ತಟ್ಟೆಗಳು, ಒತ್ತುಕಾಗದ, ಹಿಡಿ ರಾಗಿ, ಮತ್ತು ಈ ಗಿಡದಿಂದ ಚರ್ಮಕ್ಕೆ ತುರಿಕೆ ಬರುವುದರಿಂದ ಕೈಗವಸು.

ಇಷ್ಟು ಮಾತ್ರವಾದರೆ ಇದೂ ರೆಕಾರ್ಡಿನ ಇನ್ನೊಂದು ಪುಟವಾದೀತು. ಶೋಧನೆ ಆರಂಭವಾಗುವುದು ಮುಂದಿನ ಪ್ರಶ್ನೆಯಿಂದ. ಬರಿಯ ನೀರು ಹಾಕಿದ ತಟ್ಟೆಯಲ್ಲಿ ಹೆಚ್ಚು ಮೊಳಕೆ, ಕಳೆಯ ರಸ ಹಾಕಿದುದರಲ್ಲಿ ಕಡಮೆ ಎಂದುಕೊಂಡರೆ, ಅದು ಪಾರ್ಥೇನಿಯಮ್ಮಿನ ವಿಶೇಷಗುಣವೋ, ಯಾವ ಎಲೆಯ ಗಟ್ಟಿರಸಕ್ಕಾದರೂ ಇರುವ ಗುಣವೋ? ಹೊಂಗೆಯ ಎಲೆಯ ರಸವನ್ನೂ ಬೇರೆ ತಟ್ಟೆಯಲ್ಲಿ ಹಾಕಿ ನೋಡಿದ ಹೊರತು ಹೇಳುವಂತಿಲ್ಲ. ರಸದಲ್ಲಿ ಬೂಷ್ಟು ಬೆಳೆದು ಕಾಳು ಕೊಳೆತುದೂ ಕಾರಣವಿರಬಹುದು. ರಸ ಗಟ್ಟಿಯಾದುದರಿಂದ ಕಾಳು ನೀರನ್ನು ಹೀರಲಾರದೆ ಹೋಗಿರಬಹುದು. ಹಾಗಾದರೆ ಅಷ್ಟೇ ಗಟ್ಟಿಯಾದ ಸಕ್ಕರೆಯ ನೀರೂ ಅದೇ ಕೆಲಸ ಮಾಡಬೇಕು. ಒಂದೊಂದು ಬಗೆಗೂ ಒಂದೇ ತಟ್ಟೆಯಿಟ್ಟರೆ, ಕಂಡ ವ್ಯತ್ಯಾಸವು ಕಾಳಿನ ಅದೃಷ್ಟವೋ ರಸದ ಪ್ರಭಾವವೋ ತಿಳಿಯದು. ಆದುದರಿಂದ ಐದಾರು ತಟ್ಟೆಗಳಿರಬೇಕು. ಎಣಿಸುವವನಿಗೆ ಯಾವ ತಟ್ಟೆ ಯಾವುದೆಂದು ಗೊತ್ತಿದ್ದರೆ ಅವನ ಬಯಕೆಯೇ ಎಣಿಕೆಯನ್ನು ತಿರುಚಬಹುದು. ಆದುದರಿಂದ ತಟ್ಟೆಗಳಿಗೆ ಅಂಕಿ ಹಾಕಿ, ಗುಟ್ಟನ್ನು ಬೇರೊಬ್ಬನ ಬಳಿ ಇಡಬೇಕು. ಕೊನೆಗೆ, ತಟ್ಟೆಯಲ್ಲಿ ಕಂಡುದು ಹೊಲದಲ್ಲಿಯೂ ನಡೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಹೊಲದ ಮಣ್ಣಿನಲ್ಲಿ ರಸವು ತೆಳುವಾಗುತ್ತದೆ, ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಹಿಡಿ ರಾಗಿಯಿಂದ ಒಂದು ಋತುವಿಗಾಗುವಷ್ಟು ವಿಚಾರ ಹುಟ್ಟಿತು. ಇಲ್ಲಿ ಖರ್ಚಾದುದು ಹಣಕ್ಕಿಂತ ಹೆಚ್ಚಾಗಿ ವೇಳೆ, ತಾಳ್ಮೆ, ಮತ್ತು ಗೊತ್ತಿಲ್ಲವೆಂದು ಒಪ್ಪುವ ಅಧ್ಯಾಪಕನ ಧೈರ್ಯ.

ಕಾಲವೂ ಇದಕ್ಕೆ ಕೆಲವು ಎಡೆಗಳನ್ನು ಮಾಡಿಕೊಟ್ಟಿತ್ತು. ೨೦೧೪ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳನ್ನು ಸೀಳುವುದನ್ನು ನಿಲ್ಲಿಸಿದಾಗ, ಹಕ್ಸ್‌ಲಿಯ ಕಪ್ಪೆಗೆ ಮೇಜಿನಿಂದ ಬಿಡುಗಡೆಯಾಯಿತು. ತೆರವಾದ ಆ ವೇಳೆಯನ್ನು ಜೀವಂತ ಪ್ರಾಣಿಗಳ ನಡವಳಿಕೆಯನ್ನು ನೋಡುವುದಕ್ಕೆ ಬಳಸಬಹುದಾಗಿತ್ತು: ಇರುವೆಯ ಸಾಲು, ಕೆರೆಯ ಹಕ್ಕಿಗಳು, ಹೂವಿಗೆ ಬರುವ ಜೇನುಗಳು ಯಾವ ಅನುದಾನವನ್ನೂ ಕೇಳುವುದಿಲ್ಲ. ಅದರ ಬದಲು ಕಪ್ಪೆಯ ಪಟಕ್ಕೆ ಹೆಸರುಗಳನ್ನು ಬರೆಯುವುದೇ ಅಭ್ಯಾಸವೆಂದಾದರೆ, ಉಳಿದುದು ಕಪ್ಪೆಯ ಪ್ರಾಣ ಮಾತ್ರ. ವಿದ್ಯೆಯ ಪ್ರಾಣ ಉಳಿಯಿತೆನ್ನಲಾಗದು. ಕರ್ನಾಟಕದಲ್ಲಿ ೨೦೨೧ರಿಂದ ನಾಲ್ಕು ವರ್ಷಗಳ ಪದವಿಯ ಏರ್ಪಾಟು ಬಂದಿತು. ೨೦೨೪ರಲ್ಲಿ ಮೂರು ವರ್ಷಗಳ ಕ್ರಮವೇ ಮರಳಿತು. ನಾಲ್ಕನೆಯ ವರ್ಷದಲ್ಲಿ ಸಂಶೋಧನೆಗೆ ಎಡೆ ಕಲ್ಪಿಸಿದ್ದರು. ಅದು ಹೋದುದಕ್ಕೆ ಮರುಗುವವರೂ ಉಂಟು, ನೆಮ್ಮದಿಪಟ್ಟವರೂ ಉಂಟು. ಆದರೆ ಮೂರು ವರ್ಷ ಸಿದ್ಧ ಉತ್ತರಗಳನ್ನು ಬರೆದ ಕೈಗೆ ನಾಲ್ಕನೆಯ ವರ್ಷದಲ್ಲಿ ಒಮ್ಮೆಲೇ ಪ್ರಶ್ನೆ ಕೇಳುವ ಶಕ್ತಿ ಬರುವುದು ಕಷ್ಟ. ಶೋಧನೆಯು ಊಟದ ಕೊನೆಗೆ ಬಡಿಸುವ ಸಿಹಿಯಾಗದೆ, ಮೊದಲ ತುತ್ತಿನಿಂದಲೇ ಅನ್ನದೊಡನೆ ಬೆರೆತಿರಬೇಕು.

ಎಲ್ಲ ವಿದ್ಯಾರ್ಥಿಗಳೂ ಸಂಶೋಧಕರಾಗಬೇಕೇ ಎಂಬುದು ಕೊನೆಯ ಆಕ್ಷೇಪ. ಆಗಬೇಕಾದುದೂ ಇಲ್ಲ, ಆಗುವುದೂ ಇಲ್ಲ. ಕಾವ್ಯವನ್ನು ಓದಿದವರೆಲ್ಲ ಕವಿಗಳಾಗುವುದಿಲ್ಲ. ಆದರೂ ಓದಿದವರ ಮಾತಿಗೆ ಒಂದು ಹದ ಬರುತ್ತದೆ. ಪದವಿ ಪಡೆದವರಲ್ಲಿ ಹೆಚ್ಚಿನವರು ಉಪಾಧ್ಯಾಯರೋ, ಗುಮಾಸ್ತರೋ, ಬೇಸಾಯಗಾರರೋ, ಮನೆಯ ಯಜಮಾನಿಯರೋ ಆಗುತ್ತಾರೆ. ಅವರ ಮನೆಬಾಗಿಲಿಗೆ ದಿನವೂ ಹೊಸ ಔಷಧಿ, ಹೊಸ ಗೊಬ್ಬರ, ಹೊಸ ಪಥ್ಯ, ಹೊಸ ಹೆದರಿಕೆ ಬರುತ್ತಲೇ ಇರುತ್ತವೆ. ಇದರಿಂದ ಗುಣವಾಯಿತೆಂದು ಒಬ್ಬನು ಹೇಳಿದಾಗ, ಇದನ್ನು ತೆಗೆದುಕೊಳ್ಳದಿದ್ದವರಿಗೆ ಏನಾಯಿತು ಎಂದು ಕೇಳುವ ಬುದ್ಧಿ, ಬರಿಯ ನೀರಿನ ತಟ್ಟೆಯೊಂದನ್ನು ಒಮ್ಮೆಯಾದರೂ ಇಟ್ಟು ನೋಡಿದವರಿಗೆ ಬರುತ್ತದೆ. ಒಂದು ಮನೆಯ ಮಗುವಿನ ಜ್ವರಕ್ಕೂ ಒಂದು ಊರಿನ ಬೆಳೆಗೂ ಆ ಬುದ್ಧಿಯಿಂದ ಆಗುವ ಉಪಕಾರ ಅಲ್ಪವಲ್ಲ.

ಹೀಗಿರುವುದರಿಂದ ರೆಕಾರ್ಡನ್ನು ಸುಟ್ಟುಹಾಕಬೇಕೆಂದು ಯಾರೂ ಹೇಳಬೇಕಾಗಿಲ್ಲ. ಅದನ್ನು ಅದರ ಹೆಸರಿಗೆ ತಕ್ಕಂತೆ ಮಾಡಿದರೆ ಸಾಕು. ದಿನಾಂಕದೊಡನೆ, ಕಂಡುದು ಕಂಡಂತೆ, ಕಾಣದುದು ಕಾಣ­ಲಿಲ್ಲವೆಂದು, ಕೆಟ್ಟುದು ಹೇಗೆ ಕೆಟ್ಟಿತೆಂದು, ಮುಂದೆ ಏನು ಮಾಡಿದರೆ ತಿಳಿದೀತೆಂದು ಬರೆದಿರುವ ಪುಸ್ತಕವು ಅಂದವಾಗಿರಲಾರದು. ಅಲ್ಲಲ್ಲಿ ಶಾಯಿ ಚೆಲ್ಲಿರಬಹುದು, ಮಣ್ಣು ಮೆತ್ತಿರಬಹುದು, ಪುಟಕ್ಕೆ ಪುಟ ಹೊಡೆದುಹಾಕಿರಬಹುದು. ಅಂಥ ಪುಸ್ತಕವೊಂದು ಪರೀಕ್ಷಕನ ಮೇಜಿಗೆ ಬಂದ ದಿನ ಅವನು ಸಹಿ ಹಾಕುವುದನ್ನು ಕ್ಷಣಕಾಲ ನಿಲ್ಲಿಸಿ, ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಬರೆದವರಿಗೆ ಪೂರ್ಣಾಂಕಗಳನ್ನು ಕೊಡುವಂತಾದರೆ, ಬೋಧನೆಗೂ ಶೋಧನೆಗೂ ನಡುವೆ ಬೆಳೆದಿರುವ ಗೋಡೆಯಿಂದ ಒಂದು ಕಲ್ಲು ಕಳಚಿದಂತಾಗುತ್ತದೆ.